ಘರಪಟ್ಟಿ ಪಾವತಿ ಅಂದ್ರ ಪರವಾನಗಿ ಅಲ್ಲ ಆಯೀ!

ಸೊಲ್ಲಾಪುರ ಪಾಲಿಕೆಯ ಕಟ್ಟಡ ಪರವಾನಗಿ ಕೌಂಟರಿನಲ್ಲಿ ಒಬ್ಬ ಕನ್ನಡ ಬಲ್ಲ ನೌಕರ

ಸೊಲ್ಲಾಪುರ: "ಒಂದೂ ವರ್ಷ ತಪ್ಪಿಸಿಲ್ಲ ನೋಡಪಾ. ಹದಿನೆಂಟ ವರ್ಷದ ಪಾವತಿ ಎಲ್ಲಾ ಅದಾವ. ಇನ್ನ ಮತ್ತ ಯಾವ ಪರವಾನಗಿ ಕೇಳ್ತದ ಆ ಬ್ಯಾಂಕು?"

ಎಪ್ಪತ್ತರ ಆಸುಪಾಸಿನ ಅಜ್ಜಿ ಪ್ಲಾಸ್ಟಿಕ್ ಚೀಲದಿಂದ ಒಂದು ಅರಿವೆ ಗಂಟು ತೆಗೆದು, ಅದನ್ನು ಬಿಚ್ಚಿ, ಮಡಿಕೆಯಲ್ಲಿ ಹರಿದುಹೋದ ರಶೀದಿಗಳನ್ನು ಕೌಂಟರಿನ ಮೇಲೆ ಹರವಿದರು. ಆಚೆ ಕುಳಿತ ನೌಕರರು ಒಂದೊಂದನ್ನೂ ಬಿಡಿಸಿ ವರ್ಷದ ಪ್ರಕಾರ ಜೋಡಿಸಿಟ್ಟರು. ಹಿಂದೆ ಪಾಳಿಯಲ್ಲಿ ನಿಂತವರು ಗೊಣಗತೊಡಗಿದ್ದರು. ಆದರೂ ಅವರು ಅವಸರ ಮಾಡಲಿಲ್ಲ.

"ಆಯೀ, ಇವು ಘರಪಟ್ಟಿ ಪಾವತಿ. ಪಾಲಿಕಾದವ್ರು ಮನಿಗೆ ಟ್ಯಾಕ್ಸ್ ತಗೊಂಡಾರ, ಅಷ್ಟ. ಮನಿ ಕಟ್ಟಾಕ ಪರವಾನಗಿ ಕೊಟ್ಟಾರಂತ ಇದರಾಗ ಎಲ್ಲೂ ಬರದಿಲ್ಲ. ಆ ಪಾವತಿ ಬ್ಯಾರೆ, ಈ ಪಾವತಿ ಬ್ಯಾರೆ."

ಅಜ್ಜಿ ಕೆಲಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು: "ಮತ್ತ ಇಷ್ಟ ವರ್ಷ ರೊಕ್ಕ ಯಾಕ ತಗೊಂಡ್ರು?"

ಸೊಲ್ಲಾಪುರ ಮಹಾನಗರಪಾಲಿಕೆಯ ಬಾಂಧಕಾಮ ಪರವಾನಗಿ ವಿಭಾಗದ ಕೌಂಟರಿನಲ್ಲಿ ಈ ಪ್ರಶ್ನೆ ಹೊಸದಲ್ಲ. ತೆರಿಗೆ ತುಂಬಿದರೆ ಮನೆ ಕಾಯದೆಶೀರ ಆಯಿತು ಎಂಬ ನಂಬಿಕೆ ಎಲ್ಲ ಭಾಷೆಯವರಲ್ಲೂ ಇದೆ. ಆದರೆ ಪಾಲಿಕೆ ಅನಧಿಕೃತ ಕಟ್ಟಡಕ್ಕೂ ತೆರಿಗೆ ಹಾಕುತ್ತದೆ. ಅಷ್ಟೇ ಅಲ್ಲ, ಅನಧಿಕೃತ ಎಂದಾದರೆ 'ಶಾಸ್ತಿ' ಎಂಬ ದಂಡವನ್ನೂ ಸೇರಿಸುವ ಅಧಿಕಾರ ಕಾಯದೆಯಲ್ಲಿದೆ. ತೆರಿಗೆ ಕಟ್ಟಿದ ಮಾತ್ರಕ್ಕೆ ಆ ಕಟ್ಟಡ ಅಧಿಕೃತವಾಗುವುದಿಲ್ಲ. ಜನರಿಗೆ ಇದು ಗೊತ್ತಾಗುವುದು ಮಗ ಸಾಲಕ್ಕೆ ಬ್ಯಾಂಕಿಗೆ ಹೋದಾಗ, ಇಲ್ಲವೇ ಮನೆ ಮಾರಾಟಕ್ಕೆ ಕುಳಿತಾಗ.

ಕಾಗದ ಮರಾಠಿ, ಬರುವವರು ನಾಲ್ಕು ಭಾಷೆ

ಅಪ್ಪಾಸಾಹೇಬ ವಾರದ ಅವರು ಕಟ್ಟಿಸಿದ ಇಂದ್ರಭುವನದ ಆವರಣಕ್ಕೆ ಕೆಲಸದ ದಿನ ಹೋದರೆ ಊರಿನ ಎಲ್ಲ ಭಾಷೆಗಳೂ ಕಿವಿಗೆ ಬೀಳುತ್ತವೆ. ಅಶೋಕ ಚೌಕದ ಕಡೆಯ ಪದ್ಮಶಾಲಿ ನೇಕಾರರ ತೆಲುಗು, ಬಾಳಿವೇಸ್ ಮತ್ತು ಕಸಬಾದ ಕನ್ನಡ, ಪೇಠೆಯ ದಖನಿ ಉರ್ದು, ಎಲ್ಲರ ನಡುವೆ ಹರಿದಾಡುವ ಮರಾಠಿ. ದಫ್ತರದ ಭಾಷೆ ಮಾತ್ರ ಒಂದೇ. ಸ್ಥಳೀಯ ಸಂಸ್ಥೆಗಳ ಕಾರಭಾರ ಮರಾಠಿಯಲ್ಲೇ ನಡೆಯಬೇಕೆಂದು 2022ರಲ್ಲಿ ಮಹಾರಾಷ್ಟ್ರ ಪ್ರತ್ಯೇಕ ಕಾಯದೆಯನ್ನೇ ಮಾಡಿದೆ. ರಾಜ್ಯದ ಭಾಷೆ ಅದು, ತಕರಾರಿಲ್ಲ. ಆದರೆ ಎರಡನೇ ಇಯತ್ತೆ ಕನ್ನಡ ಕಲಿತು ಬಿಟ್ಟ ಮುದುಕಿಗೆ, ಮಿಲ್ಲಿನಲ್ಲಿ ಆಯುಷ್ಯ ಕಳೆದ ಮುದುಕನಿಗೆ ಆ ಕಾಗದ ಓದಿ ಹೇಳುವವರು ಯಾರು?

ಸದ್ಯಕ್ಕೆ ಆ ಕೆಲಸ ಈ ನೌಕರರ ಪಾಲಿಗೆ ಬಂದಿದೆ. ಹೆಸರು ಪೇಪರಿನಲ್ಲಿ ಬೇಡ ಎಂಬುದು ಅವರ ಷರತ್ತು. ಅಕ್ಕಲಕೋಟೆ ತಾಲೂಕಿನ ಹಳ್ಳಿಯವರು. ಏಳನೇ ಇಯತ್ತೆ ತನಕ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆ, ಮುಂದೆ ಮರಾಠಿ ಹೈಸ್ಕೂಲು, ಬಳಿಕ ಸೊಲ್ಲಾಪುರದಲ್ಲಿ ಡಿಪ್ಲೊಮಾ. ಹುದ್ದೆಯಿಂದ ಅವರು ಲಿಪಿಕ. ನಕಾಶೆ ಮಂಜೂರು ಮಾಡುವ ಅಧಿಕಾರ ಅವರಿಗಿಲ್ಲ. ಆದರೂ ಬಂದವರೆಲ್ಲ 'ಸಾಹೇಬ್ರ' ಎಂದೇ ಕರೆಯುತ್ತಾರೆ. ಹೆಣ್ಣುಮಕ್ಕಳು 'ಅಣ್ಣಾ' ಎಂದರೆ ವಯಸ್ಸಾದವರು ಏಕದಂ 'ಯಪ್ಪಾ'ಗೆ ಇಳಿಯುತ್ತಾರೆ.

"ಕಾಗದ ಮರಾಠಿದಾಗ ಇರ್ಲಿ ರೀ. ಅದು ನಿಯಮ. ಆದ್ರ ಮಾತು, ಬಂದವ್ರ ಬಾಯಾಗ ಯಾವುದದ ಅದರಾಗ ಆಡಬೇಕು. ಇಲ್ಲಾಂದ್ರ ಅವ್ರು ಹೂಂ ಹೂಂ ಅಂತ ಮನಿಗೆ ಹೋಗ್ತಾರ, ಎಂಟ ದಿನಕ್ಕ ತಪ್ಪ ಕಾಗದ ಹಿಡಕೊಂಡು ತಿರಗಿ ಬರ್ತಾರ" ಎನ್ನುತ್ತಾರೆ ಅವರು.

ಚಾಪೆಗೂ ಪರವಾನಗಿ?

ಮರಾಠಿ ಮನೆಮಾತಿನವರಿಗೂ ಈ ವಿಭಾಗದ ಮರಾಠಿ ತಿಳಿಯುವುದಿಲ್ಲ ಎಂಬುದು ಬೇರೆ ಮಾತು. 'ಸಾಮಾಸಿಕ ಅಂತರ' ಎಂದರೆ ಏನು? ಪೇಠೆಯಲ್ಲಿ ಹತ್ತು ಜನರನ್ನು ಕೇಳಿದರೆ ಒಬ್ಬರು ಹೇಳಲಿಕ್ಕಿಲ್ಲ. ಕೌಂಟರಿನ ಕನ್ನಡದಲ್ಲಿ ಅದು 'ಮನಿ ಸುತ್ತ ಗಾಳಿಗೆ ಬಿಡೂ ಜಾಗಾ'. ಮುಂದೆ ರಸ್ತೆ ಎಷ್ಟು ಅಗಲ, ಪ್ಲಾಟು ಎಷ್ಟು ದೊಡ್ಡದು ಎಂಬುದರ ಮೇಲೆ ಆ ಜಾಗ ನಿಗದಿಯಾಗುತ್ತದೆ. 'ಜೋತೆ ತಪಾಸಣಿ' ಎಂದರೆ ತಳಪಾಯ ನೆಲಕ್ಕಿಂತ ಮೇಲೆ ಬಂದಾಗ ಪಾಲಿಕೆಯವರು ಬಂದು ಅಳತೆ ನೋಡುವುದು. 'ಭೋಗವಟಾ ಪ್ರಮಾಣಪತ್ರ' ಎಂದರೆ ಮನೆ ಪೂರ್ತಿಯಾದ ಮೇಲೆ 'ಇನ್ನ ಇರಬಹುದು' ಎಂದು ಕೊಡುವ ಕಾಗದ. ವಾಸ್ತುಶಾಂತಿ ಮಾಡಿ ಹೋಳಿಗೆ ಊಟ ಹಾಕಿದರೂ ಈ ಕಾಗದ ತೆಗೆದುಕೊಳ್ಳದವರೇ ಊರಲ್ಲಿ ಬಹಳ.

ಎಲ್ಲಕ್ಕಿಂತ ನಗೆ ಬರುವುದು 'ಚಟಈ ಕ್ಷೇತ್ರ ನಿರ್ದೇಶಾಂಕ'ಕ್ಕೆ. ಆರ್ಕಿಟೆಕ್ಟರು ಎಫ್‌ಎಸ್‌ಐ ಎನ್ನುವುದು ಇದನ್ನೇ. ಚಟಈ ಎಂದರೆ ಚಾಪೆ. "ಚಾಪಿ ಹಾಸಾಕೂ ಪಾಲಿಕಾದ ಪರವಾನಗಿ ಬೇಕೇನ್ರೀ?" ಎಂದು ಒಬ್ಬ ರೈತ ಗಾಬರಿಯಾಗಿ ಕೇಳಿದ್ದನ್ನು ನೌಕರರು ಈಗಲೂ ನೆನೆಸಿ ನಗುತ್ತಾರೆ. ಅಂದಿನಿಂದ ಅವರು ಚಾಪೆ ಬಿಟ್ಟು ಸೊಲ್ಲಾಪುರದ ಚಾದರು ಹಿಡಿದಿದ್ದಾರೆ. "ನಿಮ್ಮ ಪ್ಲಾಟಿಗಿಂತ ತುಸು ದೊಡ್ಡದು ಒಂದು ಚಾದರ ಸರಕಾರ ಕೊಟ್ಟದ ಅನ್ರೀ. ನೆಲದ ತುಂಬ ಹಾಸಂಗಿಲ್ಲ, ಸುತ್ತ ಗಾಳಿಗೆ ಬಿಡಬೇಕಲ್ಲ? ಅದಕ್ಕ ಮಡಚರೀ. ಒಂದ ಮಡಕಿ ಕೆಳಗ, ಒಂದ ಮಡಕಿ ಮಾಳಗಿ. ಚಾದರ ತೀರಿದ ಮ್ಯಾಲ ಇನ್ನೊಂದು ಖೋಲಿ ಏರಸಾಕ ಬರೂದಿಲ್ಲ." ಈಗಿನ ನಿಯಮಾವಳಿಯಲ್ಲಿ ಹಳೇ ದಟ್ಟಣೆಯ ಪೇಠೆ ಬಿಟ್ಟು ಹೊರಗಿನ ಭಾಗಕ್ಕೆ ಮೂಲ ನಿರ್ದೇಶಾಂಕ 1.1. ಹೆಚ್ಚಿನದು ಬೇಕಾದರೆ ಬೇರೆ ಶುಲ್ಕ, ಬೇರೆ ಷರತ್ತು. ಚಾದರಿನ ಲೆಕ್ಕ ಇದಕ್ಕೆ ಸರಿಯಾಗಿ ಹೊಂದುತ್ತದೆ.

'ತೋ ಮೀಚ ಆಹೇ'

ಗಡಿಭಾಗದ ಕನ್ನಡಿಗರಿಗೆ ಈ ಕೌಂಟರಿನಲ್ಲಿ ಕಾಡುವ ದೊಡ್ಡ ತೊಡಕು ಜಾಗದ್ದಲ್ಲ, ಹೆಸರಿನದು. ಇದು ಬೇರೆಯವರಿಗೆ ಅಷ್ಟಾಗಿ ಗೊತ್ತಿಲ್ಲ.

ಅಜ್ಜ ಚನ್ನಬಸಪ್ಪ ಎಂದಿಟ್ಟುಕೊಳ್ಳಿ. ಹಳೇ ಖರೀದಿಖತದಲ್ಲಿ ಅವನು ಚನಬಸಪ್ಪಾ. ಸಿಟಿ ಸರ್ವೆಯ ಮಾಲಮತ್ತಾ ಪತ್ರಕದಲ್ಲಿ ಚನ್ನಬಸು. ಮತದಾರರ ಯಾದಿಯಲ್ಲಿ ಚನ್ನಪ್ಪಾ. ಹೆಣ್ಣುಮಕ್ಕಳ ಗತಿ ಇನ್ನೂ ಬಿಗಿ. ತವರಿನಲ್ಲಿ ಗಂಗವ್ವ, ಸಾತಬಾರಾ ಉತಾರಿನಲ್ಲಿ ಗಂಗಾಬಾಯಿ, ಆಧಾರ ಕಾರ್ಡಿನಲ್ಲಿ ಗಂಗುಬಾಯಿ. ವಿಜಯಪುರ, ಕಲಬುರಗಿ ಕಡೆಯಿಂದ ಬಂದ ಸೊಸೆಯ ಹೆಸರಿಗೆ ಮುಂದೆ ಅಕ್ಷರ ಮಾತ್ರ ಇರುತ್ತದೆ. ಇಲ್ಲಿಯ ಅರ್ಜಿಯಲ್ಲಿ ತನ್ನ ಹೆಸರು, ಗಂಡನ ಹೆಸರು, ಆಡನಾವ ಎಂದು ಮೂರೂ ಮನೆ ತುಂಬಲೇಬೇಕು. ಆಡನಾವವೇ ಇಲ್ಲದವರು ಊರ ಹೆಸರು ಬರೆಸುತ್ತಾರೆ. ಅಣ್ಣ ಒಂದು ಬರೆಸಿದರೆ ತಮ್ಮ ಇನ್ನೊಂದು. ಹೀಗೆ ಒಂದೇ ತಾಯಿಯ ಮಕ್ಕಳು ಕಾಗದದ ಮೇಲೆ ಬೇರೆ ಬೇರೆ ಮನೆತನ ಆಗಿಬಿಡುತ್ತಾರೆ.

ಇದೆಲ್ಲ ಒಬ್ಬನೇ ಮನುಷ್ಯ ಎಂದು ತೋರಿಸಲು ಪ್ರತಿಜ್ಞಾಪತ್ರ ಮಾಡಿಸಬೇಕು. ಕೌಂಟರಿನಲ್ಲಿ ಇದಕ್ಕೆ 'ತೋ ಮೀಚ ಆಹೇ' ಕಾಗದ ಎಂದು ಅಡ್ಡಹೆಸರು. ಅವನೇ ನಾನು ಎಂದರ್ಥ. ಕೆಲವೊಮ್ಮೆ ಅದೂ ಸಾಲುವುದಿಲ್ಲ. ಭೂಮಿ ಅಭಿಲೇಖ ಕಚೇರಿಗೆ ಹೋಗಿ ಮೂಲದಲ್ಲೇ ದುರಸ್ತಿ ಮಾಡಿಸಬೇಕಾಗುತ್ತದೆ.

ಬಾಳಿವೇಸ್ ಹತ್ತಿರದ ಇಬ್ಬರು ಅಣ್ಣತಮ್ಮಂದಿರ ಮಾತು ಕೇಳಿ. ಹಳೇ ಮಣ್ಣಿನ ವಾಡೆ ಮಳೆಗೆ ಒಂದು ಮಗ್ಗಲು ಕುಸಿದಿದೆ. ಕೆಡವಿ ಕಟ್ಟಬೇಕು. ಪತ್ರಕದಲ್ಲಿ ಇನ್ನೂ ಅಜ್ಜನ ಹೆಸರು. ಅಪ್ಪನ ವಾರಸಾ ನೋಂದಣಿಯೇ ಆಗಿಲ್ಲ. ಮೂವರು ಅತ್ತೆಯಂದಿರು ಇದ್ದಾರೆ, ಒಬ್ಬಾಕೆ ಇಂಡಿಯಲ್ಲಿ, ಒಬ್ಬಾಕೆ ಆಳಂದದಲ್ಲಿ. ಅವರೆಲ್ಲರ ಹಕ್ಕಸೋಡ ಪತ್ರ, ಇಲ್ಲವೇ ಸಂಮತಿ ಬೇಕು. "ಅತ್ತೆ ಏನೂ ಒಲ್ಲೆ ಅನ್ನಂಗಿಲ್ರಿ. ಆದ್ರ ಸಹಿ ಮಾಡಾಕ ಕರಕೊಂಡ ಬಂದ್ರ ಒಂದ ಸೀರಿ, ಒಂದ ಕುಪ್ಪಸಾ ಕೊಟ್ಟ ಕಳಸಬೇಕು. ಅದೂ ಖರ್ಚ ಹಿಡೀರಿ" ಎಂದು ದೊಡ್ಡವ ನಕ್ಕ. ತಮ್ಮ ನಗಲಿಲ್ಲ. ಮಳೆಗಾಲದೊಳಗೆ ಗೋಡೆ ಏರದಿದ್ದರೆ ಉಳಿದ ಭಾಗವೂ ಬೀಳುವ ಹೆದರಿಕೆ ಅವನಿಗೆ.

ಮೊಬೈಲಿನಲ್ಲಿ ಬಂದ ಅರ್ಧ ಸುದ್ದಿ

2020ರ ಡಿಸೆಂಬರಿನಲ್ಲಿ ರಾಜ್ಯಕ್ಕೆ ಏಕೀಕೃತ ವಿಕಾಸ ನಿಯಂತ್ರಣ ನಿಯಮಾವಳಿ ಬಂತು. ಮುಂಬಯಿಯಂಥ ಕೆಲವು ಪ್ರದೇಶ ಬಿಟ್ಟು ಉಳಿದ ಕಡೆಗೆಲ್ಲ ಒಂದೇ ನಿಯಮ. ಅದರಲ್ಲಿ ಸಣ್ಣವರಿಗೆ ಅನುಕೂಲದ ಮಾತು ಒಂದಿತ್ತು. 150 ಚದರ ಮೀಟರ್, ಅಂದರೆ ಸುಮಾರು 1,600 ಚದರ ಫೂಟು ತನಕದ ಪ್ಲಾಟಿನಲ್ಲಿ ಮನೆ ಕಟ್ಟುವವರು ನಿಯಮದ ಪ್ರಕಾರ ನಕಾಶೆ, ಕಾಗದಪತ್ರ ಸಲ್ಲಿಸಿ ಶುಲ್ಕ ತುಂಬಿದರೆ ಸಾಕು, ಆ ಶುಲ್ಕದ ರಶೀದಿಯೇ ಪರವಾನಗಿ.

ಈ ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹೋಗುವಾಗ ಅರ್ಧ ಉದುರಿತು. 'ಸಣ್ಣ ಮನೆಗೆ ಪರವಾನಗಿಯೇ ಬೇಡ' ಎಂಬುದಷ್ಟೇ ಜನರ ತಲೆಯಲ್ಲಿ ಉಳಿಯಿತು. ನಕಾಶೆ ಬೇಕು, ಅದಕ್ಕೆ ಲೈಸೆನ್ಸ್ ಇದ್ದ ಇಂಜಿನಿಯರ ಇಲ್ಲವೇ ಆರ್ಕಿಟೆಕ್ಟರ ಸಹಿ ಬೇಕು, ಎಲ್ಲಕ್ಕಿಂತ ಮೊದಲು ಪ್ಲಾಟು ಮಂಜೂರಾದ ಲೇಔಟಿನದಾಗಿರಬೇಕು ಎಂಬ ಮಾತು ಯಾರೂ ಮುಂದೆ ಕಳಿಸಲಿಲ್ಲ. ಒಂದು ರಶೀದಿ ಪರವಾನಗಿ ಆಗುತ್ತದೆ, ಇನ್ನೊಂದು ಆಗುವುದಿಲ್ಲ. ಗೊಂದಲ ಆಗದೆ ಇರುತ್ತದೆಯೇ?

"ಪಾಯಾ ತೋಡೂಕಿಂತ ಪೈಲೇ ಬಂದ್ರ ನಾ ಏನರೆ ಹೇಳಬಹುದು. ಸ್ಲ್ಯಾಬ್ ಹಾಕಿ ನೋಟೀಸ ಹಿಡಕೊಂಡು ಬಂದ್ರ ನನಗೂ ಹೊಟ್ಯಾಗ ಕಲಸತದ" ಎಂದು ನೌಕರರು ಹೇಳಿಕೊಳ್ಳುತ್ತಾರೆ.

ಕೋಟೆಯ ಸುತ್ತ ಮನೆ ಇದ್ದವರದು ಬೇರೆಯೇ ಕಥೆ. ಭುಯಿಕೋಟ ಕಿಲ್ಲೆ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. 2010ರ ತಿದ್ದುಪಡಿಯಂತೆ ಇಂಥ ಸ್ಮಾರಕದಿಂದ 100 ಮೀಟರಿನೊಳಗೆ ಹೊಸ ಕಟ್ಟಡಕ್ಕೆ ನಿಷೇಧ, ಅದರಾಚೆಯ 200 ಮೀಟರಿನಲ್ಲಿ ಮೇಲಿನವರ ಪರವಾನಗಿ ಬೇಕು. ಸೋರುವ ಮಾಳಿಗೆ ದುರಸ್ತಿಗೂ ಕೇಳಿಯೇ ಕೈ ಹಚ್ಚಬೇಕು. ಈ ಮಾತು ಪಾಲಿಕೆಯ ಕೈಯಲ್ಲಿಲ್ಲ. ಆದರೂ ಬೈಗುಳ ಬೀಳುವುದು ಕೌಂಟರಿಗೇ.

ಒಂದು ಗುಂಟೆಯ ಆಸೆ

ಸೊಲ್ಲಾಪುರಕ್ಕೆ ಮಹಾನಗರಪಾಲಿಕೆ ಬಂದದ್ದು 1964ರಲ್ಲಿ. 1992ರ ಹದ್ದವಾಢದಲ್ಲಿ ಸುತ್ತಲಿನ ಶೆಳಗಿ, ಬಾಳೆ, ಕೇಗಾಂವ, ಕುಮಠೆ, ಸೋರೇಗಾಂವ, ಮಜರೇವಾಡಿಯಂಥ ಊರುಗಳು ಪಾಲಿಕೆಗೆ ಸೇರಿ ನಗರದ ವಿಸ್ತೀರ್ಣ 178 ಚದರ ಕಿಲೋಮೀಟರ್ ದಾಟಿತು. ಹೊಲಗಳು ಶಹರದೊಳಗೆ ಬಂದವು. ಶಹರದ ಸವಲತ್ತು ಹಿಂದಿನಿಂದ ಬರುತ್ತದೆ ಎಂದು ಜನ ನಂಬಿದರು. ಹೊಲದ ಮಾಲಕರು, ಮಧ್ಯಸ್ಥರು ಸುಣ್ಣದ ಗೆರೆ ಎಳೆದು ಗುಂಟೆ ಲೆಕ್ಕದಲ್ಲಿ ಮಾರಿದರು. ಒಂದು ಗುಂಟೆ 1,089 ಚದರ ಫೂಟು. ಬೀಡಿ ಕಟ್ಟುವವರು, ಮಗ್ಗದವರು, ಮಿಲ್ಲು ಮುಚ್ಚಿ ಮನೆಗೆ ಬಂದವರು ಕೈಯಲ್ಲಿದ್ದ ಗಂಟು ಕೊಟ್ಟು ತೆಗೆದುಕೊಂಡರು. ಕಾಗದ ಎಂದರೆ ಒಂದು ಬಾಂಡ್ ಪೇಪರು, ನೋಟರಿಯ ಕೆಂಪು ಶಿಕ್ಕಾ. ನೋಂದಣಿ ಇಲ್ಲ, ಲೇಔಟ್ ಮಂಜೂರಿ ಇಲ್ಲ. ನಕಾಶೆಯಲ್ಲಿ ಅದು ಇನ್ನೂ ಜೋಳದ ಹೊಲ.

ಮೇಲೆ ಹೇಳಿದ ಅಜ್ಜಿಯ ಜಾಗವೂ ಇಂಥದೇ. ಗಂಡನ ಮಿಲ್ಲಿನ ಹಣದಲ್ಲಿ ಶೆಳಗಿ ಕಡೆ ಒಂದು ಗುಂಟೆ. ಪತ್ರಾ ಹೊದಿಸಿದ ಎರಡು ಖೋಲಿ. ಗಂಡ ತೀರಿಹೋಗಿದ್ದಾನೆ. ಮಗ ಎಂಐಡಿಸಿಯಲ್ಲಿ ದುಡಿಯುತ್ತಾನೆ. ಮೊಮ್ಮಗಳ ಲಗ್ನದೊಳಗೆ ಸ್ಲ್ಯಾಬಿನ ಮನೆ ಮಾಡಬೇಕೆಂಬುದು ಅವನ ಹಟ. ಬ್ಯಾಂಕು ಪರವಾನಗಿ ಕೇಳಿತು. ಆಗ ಒಬ್ಬ ಏಜಂಟ ಮನೆಗೇ ಬಂದು 'ಮೂವತ್ತು ಸಾವಿರ ಕೊಡ್ರಿ, ಎಂಟ ದಿನದಾಗ ಪರವಾನಗಿ ತಂದ ಕೊಡ್ತೀನಿ' ಎಂದನಂತೆ. ಮಗ ತಯಾರಾಗಿದ್ದ. ಅಜ್ಜಿಯೇ ಒಪ್ಪದೆ ಗಂಟು ಹಿಡಿದು ಬಂದರು.

ಗುಂಠೇವಾರಿಗೆ ದಾರಿಯೇ ಇಲ್ಲವೆಂದಲ್ಲ. ಇಂಥ ಜಾಗ, ಮನೆಗಳನ್ನು ಶುಲ್ಕ ತುಂಬಿಸಿ ನಿಯಮಿತಗೊಳಿಸಲು ರಾಜ್ಯ ಸರಕಾರ 2001ರಲ್ಲೇ ಕಾಯದೆ ಮಾಡಿತು. ಮೊದಲು 2001ರ ಜನವರಿ 1ರ ಹಿಂದಿನವಕ್ಕೆ ಮಾತ್ರ ಇದ್ದ ಸವಲತ್ತನ್ನು 2021ರಲ್ಲಿ ತಿದ್ದಿ, 2020ರ ಡಿಸೆಂಬರ್ 31ರ ತನಕ ಆದವಕ್ಕೂ ವಿಸ್ತರಿಸಿತು. ಆರಕ್ಷಣೆಯ ಜಾಗ, ಸರಕಾರಿ ಜಾಗದಲ್ಲಿದ್ದವಕ್ಕೆ ಈ ಬಾಗಿಲು ಸುಲಭಕ್ಕೆ ತೆರೆಯುವುದಿಲ್ಲ. ಉಳಿದವರು ಮೋಜಣಿ ಮಾಡಿಸಿ, ನಕಾಶೆ ಹಚ್ಚಿ, ವಿಕಾಸ ಶುಲ್ಕ, ದಂಡ ತುಂಬಿ ಪ್ರಮಾಣಪತ್ರ ಪಡೆಯಬಹುದು. ಅದಾದ ಮೇಲೆಯೇ ಹೊಸ ಮನೆಯ ಪರವಾನಗಿ. ಎಂಟು ದಿನದ ಕೆಲಸ ಇದಲ್ಲ.

ಬೇಸರದ ಮಾತೆಂದರೆ ಇದನ್ನು ಹೇಳುವ ಒಂದು ಕನ್ನಡ ಫಲಕ, ಒಂದು ತೆಲುಗು ಹಾಳೆ ಕೌಂಟರಿನ ಸುತ್ತ ಕಾಣುವುದಿಲ್ಲ. ಚುನಾವಣೆ ಬಂದಾಗ ಬಾಳಿವೇಸಿನಲ್ಲಿ ಕನ್ನಡದಲ್ಲಿ ಕೈಮುಗಿಯುವುದು, ಅಶೋಕ ಚೌಕದಲ್ಲಿ ತೆಲುಗಿನಲ್ಲಿ ಭಾಷಣ ಮಾಡುವುದು ಎಲ್ಲ ಪಕ್ಷದವರಿಗೂ ಬರುತ್ತದೆ. ದಫ್ತರದ ಭಾಷೆ ಬದಲಿಸಿ ಎಂದು ಯಾರೂ ಕೇಳುತ್ತಿಲ್ಲ. ಯಾವ ಕಾಗದ ತರಬೇಕು ಎಂಬ ಯಾದಿಯನ್ನು ಜನರ ಭಾಷೆಯಲ್ಲಿ ಅಚ್ಚು ಹಾಕಿಸಿದರೆ ಏಜಂಟರ ಅರ್ಧ ಧಂದೆ ಕುಸಿಯುತ್ತದೆ. ಈಗ ಅರ್ಜಿ ಆನ್‌ಲೈನ್ ಆದ ಮೇಲಂತೂ ಅವರಿಗೆ ಇನ್ನೊಂದು ದಾರಿ ಸಿಕ್ಕಿದೆ. ಕಂಪ್ಯೂಟರಿನಲ್ಲಿ 'ತ್ರುಟಿ' ಬಿದ್ದಿದೆಯೋ ಇಲ್ಲವೋ ಅರ್ಜಿದಾರನಿಗೆ ತಿಳಿಯುವುದಿಲ್ಲ. ಅರ್ಜಿ ಪೂರ್ಣವಾಗಿದ್ದು, ನಕಾಶೆ ನಿಯಮಕ್ಕೆ ಹೊಂದಿದ್ದರೆ 60 ದಿನದೊಳಗೆ ಪಾಲಿಕೆ ಉತ್ತರ ಕೊಡಬೇಕು, ಇಲ್ಲದಿದ್ದರೆ ಪರವಾನಗಿ ಸಿಕ್ಕಂತೆ ಎಂದು 1966ರ ನಗರ ರಚನೆ ಕಾಯದೆಯೇ ಹೇಳುತ್ತದೆ. ಏಜಂಟ ಈ ಮಾತನ್ನು ಗಿರಾಕಿಗೆ ಯಾಕೆ ಹೇಳಿಯಾನು?

ಮತ್ತೆ ಅದೇ ಗಂಟು

ಅಜ್ಜಿ ಎರಡನೇ ಸಲ ಬಂದದ್ದು ಸಂಕ್ರಾಂತಿ ಜಾತ್ರೆ ಮುಗಿದ ಮೇಲೆ. ಸಿದ್ಧರಾಮೇಶ್ವರರ ಗಡ್ಡಾ ಯಾತ್ರೆಯ ದಿನಗಳಲ್ಲಿ ನಂದಿಧ್ವಜ ಊರು ಸುತ್ತುವಾಗ ಯಾವ ದಫ್ತರಕ್ಕೂ ಜನರ ಲಕ್ಷ್ಯವಿರುವುದಿಲ್ಲ. ಈ ಸಲ ನೋಟರಿ ಕಾಗದವನ್ನೂ ತಂದಿದ್ದರು. ಟ್ರಂಕಿನ ತಳದಲ್ಲಿ, ಗಂಡನ ಮಿಲ್ಲಿನ ಪಾಸಿನ ಕೆಳಗೆ ಸಿಕ್ಕಿತಂತೆ. ಅದರ ಮೇಲೆ ಗಂಡನ ಸಹಿ ಕನ್ನಡದಲ್ಲಿತ್ತು.

ನೌಕರರು ತಾರೀಖು ನೋಡಿದರು. ಆಮೇಲೆ ಅಜ್ಜಿಯ ಹಳೇ ಗಂಟಿನಿಂದ ಘರಪಟ್ಟಿ ರಶೀದಿಗಳನ್ನು ಮತ್ತೆ ತೆಗೆಸಿದರು.

"ಇವು ಬ್ಯಾಡ ಅಂದಿದ್ದಿಯಲ್ಲಪಾ?"

"ಪರವಾನಗಿ ಅಲ್ಲ ಅಂದಿದ್ದೆ ಆಯೀ, ಬ್ಯಾಡ ಅಂದಿದ್ದಿಲ್ಲ. ಇಷ್ಟ ವರ್ಷದಿಂದ ಮನಿ ಅಲ್ಲೇ ಅದ ಅನ್ನೂದು ತೋರಸಾಕ ಇವಾ ಬೇಕು. ಒಂದೂ ಒಗೀಬ್ಯಾಡ್ರಿ."

ಮುಖದ ಗಂಟು ಸ್ವಲ್ಪ ಸಡಿಲವಾಯಿತು. ಆದರೆ ಮುಂದಿನ ಯಾದಿ ಉದ್ದವಿತ್ತು. ಮೂಲ ಹೊಲದ ಸಾತಬಾರಾ, ಗಂಡನ ಮೃತ್ಯು ದಾಖಲೆ, ವಾರಸದಾರರ ಕಾಗದ, ಮೋಜಣಿ, ನಕಾಶೆ. ಹೊಲದ ಮೂಲ ಮಾಲಕನೂ ಈಗಿಲ್ಲ, ಅವನ ಮಕ್ಕಳು ಪುಣೆಯಲ್ಲಿದ್ದಾರೆ. ಎಷ್ಟು ಖರ್ಚಾಗುತ್ತದೆ ಎಂದು ಅಜ್ಜಿ ಕೇಳಿದರು. ನಕಾಶೆ ಆದ ಮೇಲೆ ಅಳತೆ ಪ್ರಕಾರ ಹೇಳಬಹುದು, ಈಗ ಅಂದಾಜಿಗೆ ಹೇಳಿದರೆ ಸುಳ್ಳಾಗುತ್ತದೆ ಎಂದರು ನೌಕರರು. ಮೊಮ್ಮಗಳ ಲಗ್ನದೊಳಗೆ ಆಗುತ್ತದೋ ಇಲ್ಲವೋ ಎಂಬುದಕ್ಕೂ ಅವರು ಹೂಂ ಅನ್ನಲಿಲ್ಲ.

"ಬರದ ಕೊಡಪಾ. ಕನ್ನಡದಾಗ ಬರಿ, ನಾ ಕೂಡಿಸಿ ಕೂಡಿಸಿ ಓದತೀನಿ."

ಅವರು ಹಳೇ ಅರ್ಜಿಯೊಂದರ ಹಿಂಬದಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆಯತೊಡಗಿದರು. ಪಕ್ಕದಲ್ಲಿ ನಿಂತಿದ್ದ ಮೊಮ್ಮಗಳು ಬಗ್ಗಿ ನೋಡಿ, "ಆಯೀ, ಮಲಾ ಹೇ ವಾಚತಾ ಯೇತ ನಾಹೀ" ಎಂದಳು. ತನಗೆ ಇದು ಓದಲು ಬರುವುದಿಲ್ಲ ಎಂದು. ಅವಳದು ಮೊದಲಿನಿಂದ ಮರಾಠಿ ಶಾಲೆ. ಕಚೇರಿಯಿಂದ ಕಚೇರಿಗೆ ಅಜ್ಜಿಯನ್ನು ಕರೆದೊಯ್ಯುವವಳು ಅವಳೇ.

ನೌಕರರು ಇನ್ನೊಂದು ಹಾಳೆ ತೆಗೆದುಕೊಂಡರು. ಅದೇ ಯಾದಿಯನ್ನು ಮರಾಠಿಯಲ್ಲಿ ಬರೆದು, ಎರಡನ್ನೂ ಪಿನ್ನು ಹಚ್ಚಿ ಕೊಟ್ಟರು. ಅಜ್ಜಿ ರಶೀದಿಗಳ ಮೇಲೆ ಅವನ್ನಿಟ್ಟು ಗಂಟು ಕಟ್ಟಿದರು. "ಮೋಜಣಿ ಆಫೀಸು ಎಷ್ಟಕ್ಕ ಮುಚ್ಚತದ?" ಎಂದು ಕೇಳುತ್ತಲೇ ಬಾಗಿಲ ಕಡೆ ಹೊರಟರು.

ಹಿಂದಿನವನು ಆಗಲೇ ಕೌಂಟರಿಗೆ ಮೊಣಕೈ ಊರಿದ್ದ. ಅವನ ಕೈಯಲ್ಲೂ ಘರಪಟ್ಟಿ ರಶೀದಿಗಳೇ ಇದ್ದವು.